ಮಲೇರಿಯ ಕೆಂಜೇಡಿ ಮತ್ತು ಸಾಸಲಿನ ಕಲ್ಲು

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯಲ್ಲಿ ಕೊಳವೆಬಾವಿ ಕೊರೆಸುವಾಗ ಮೇಲಿನ ಕೆಮ್ಮಣ್ಣು, ಅದರಡಿಯ ಕೊಳೆತ ಕಲ್ಲು ಮುಗಿದ ಮೇಲೆ ಬೂದಿಬಣ್ಣದ ಹಿಟ್ಟು ಮೇಲೇಳತೊಡಗುತ್ತದೆ. ಅಲ್ಲಿಂದ ಮುಂದೆ ಎಷ್ಟು ಅಡಿ ಇಳಿದರೂ ಬರುವುದು ಹೆಚ್ಚುಕಡಿಮೆ ಅದೇ ಹಿಟ್ಟು. ನೀರು ಸಿಕ್ಕರೆ ಅದು ಬಂಡೆಯ ಬಿರುಕಿನಲ್ಲಿ ಸಿಕ್ಕ ನೀರೇ ಹೊರತು ಬಂಡೆಯೇ ಹೀರಿಟ್ಟುಕೊಂಡ ನೀರಲ್ಲ. ಈ ಕಲ್ಲಿಗೆ ಭೂವಿಜ್ಞಾನಿಗಳು ಕೊಟ್ಟಿರುವ ಹೆಸರು ನೈಸ್. ಹಿಂದೊಮ್ಮೆ ಬೇರೆ ರೂಪದಲ್ಲಿದ್ದ ಶಿಲೆ ಭೂಮಿಯ ಆಳದಲ್ಲಿ ಕಾವಿಗೂ ಒತ್ತಡಕ್ಕೂ ಸಿಕ್ಕಿ, ಅದರ ಖನಿಜಗಳು ಕಪ್ಪು ಪಟ್ಟೆ, ಬಿಳಿ ಪಟ್ಟೆಗಳಾಗಿ ಸಾಲುಗಟ್ಟಿದಾಗ ಆಗುವ ರೂಪಾಂತರ ಶಿಲೆ ಇದು. ಈ ಸೀಮೆಯ ದ್ರಾಕ್ಷಿ ಚಪ್ಪರಗಳಿಗೆ ನೆಟ್ಟ ಕಲ್ಲುಕಂಬವೊಂದನ್ನು ಮಳೆ ತೊಳೆದ ಬೆಳಗ್ಗೆ ಹತ್ತಿರದಿಂದ ನೋಡಿದರೆ ಆ ಪಟ್ಟೆಗಳೂ ಅವುಗಳ ನಡುವೆ ಮಿನುಗುವ ಕಾಗೆಬಂಗಾರದ ಚೂರುಗಳೂ ಬರಿಗಣ್ಣಿಗೆ ಕಾಣುತ್ತವೆ. ಇದೇ ಕುಲದ ಶಿಲೆ ಬೆಂಗಳೂರಿನ ಲಾಲ್‌ಬಾಗಿನ ಗುಡ್ಡದಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಗಿದೆ. ಇದರ ವಯಸ್ಸು 250ರಿಂದ 300 ಕೋಟಿ ವರ್ಷಗಳಷ್ಟು.

ಮಲೇರಿಯ ಕೆಂಜೇಡಿ ಈ ಕಲ್ಲಿಗಿಂತ ಎಷ್ಟೋ ಕಿರಿಯದು. ಅದು ಕೂಡಿಬಂದ ಟ್ರಯಾಸಿಕ್ ಎಂಬ ಅವಧಿ ಆರಂಭವಾದದ್ದು ಇಂದಿಗೆ ಸುಮಾರು 25 ಕೋಟಿ 20 ಲಕ್ಷ ವರ್ಷಗಳ ಹಿಂದೆ. ಮುಗಿದದ್ದು 20 ಕೋಟಿ 10 ಲಕ್ಷ ವರ್ಷಗಳ ಹಿಂದೆ. ಅಂದರೆ ಚಪ್ಪರದ ಕಂಬದ ಕಲ್ಲು ಹುಟ್ಟಿದಂದಿನಿಂದ ಟ್ರಯಾಸಿಕ್ ಬರುವವರೆಗೆ ಸಂದ ಕಾಲವು, ಟ್ರಯಾಸಿಕ್ ಬಂದಂದಿನಿಂದ ಇಂದಿನವರೆಗೆ ಸಂದ ಕಾಲದ ಹತ್ತಿರ ಹತ್ತು ಪಟ್ಟು. ಜರ್ಮನಿಯ ಫ್ರೆಡರಿಕ್ ಫಾನ್ ಆಲ್ಬರ್ಟಿ 1834ರಲ್ಲಿ ತನ್ನ ನಾಡಿನಲ್ಲಿ ಒಂದರ ಮೇಲೊಂದು ಕೂತಿದ್ದ ಮೂರು ಶಿಲಾಸಮೂಹಗಳನ್ನು, ಎಂದರೆ ಕೆಳಗಿನ ಬಣ್ಣದ ಮರಳುಗಲ್ಲು, ನಡುವಿನ ಚಿಪ್ಪುಗಳ ಸುಣ್ಣಕಲ್ಲು, ಮೇಲಿನ ಜೇಡಿ ಮತ್ತು ಮರಳುಗಲ್ಲುಗಳನ್ನು, ಒಟ್ಟಾಗಿ ಗುರುತಿಸಿ ‘ಟ್ರಯಾಸ್’ ಎಂದು ಕರೆದುದರಿಂದ ಈ ಹೆಸರು ಬಂತು. ಅದರ ಅರ್ಥ ಮೂರರ ಕೂಟ. ಹೆಸರು ಜರ್ಮನಿಯ ಮೂರು ಪದರಗಳಿಗೆ ಸೇರಿದ್ದಾದರೂ ಜಗತ್ತಿನ ಬೇರೆಡೆ ಆ ಕಾಲದ ಶಿಲೆ ಮೂರಾಗಿಯೇ ಇರಬೇಕೆಂಬ ನಿಯಮವೇನಿಲ್ಲ. ಹೆಸರುಗಳು ಹುಟ್ಟಿದೂರಿನ ಋಣವನ್ನು ಹೊತ್ತು ತಿರುಗುವುದು ವಿಜ್ಞಾನದಲ್ಲೂ ಉಂಟು. ಒಂದು ನಿರ್ದಿಷ್ಟ ಪ್ರದೇಶದಲ್ಲಿ, ಒಂದೇ ಬಗೆಯ ಪರಿಸರದಲ್ಲಿ ಕೂಡಿಬಂದ, ಮೇಲಿನ ಕೆಳಗಿನ ಶಿಲೆಗಳಿಂದ ಬೇರೆಯಾಗಿ ಗುರುತಿಸಿ ನಕಾಶೆಯಲ್ಲಿ ಗೆರೆ ಎಳೆಯಬಹುದಾದ ಪದರಗಳ ಕಟ್ಟಿಗೆ ಭೂವಿಜ್ಞಾನದಲ್ಲಿ ‘ಫಾರ್ಮೇಶನ್’ ಎನ್ನುತ್ತಾರೆ. ಈ ಉಪನ್ಯಾಸದಲ್ಲಿ ಅದನ್ನು ಶಿಲಾಸ್ತರ ಎಂದು ಕರೆಯಲಾಗಿದೆ. ಶಿಲಾಸ್ತರಕ್ಕೆ ಸಾಮಾನ್ಯವಾಗಿ ಅದು ಚೆನ್ನಾಗಿ ಕಾಣಸಿಗುವ ಊರಿನ ಹೆಸರನ್ನೇ ಇಡುತ್ತಾರೆ.

ಕರ್ನಾಟಕದಲ್ಲಿ ಪ್ರಾಚೀನ ಜೀವದ ಗುರುತುಗಳು ಇಲ್ಲವೆಂದಲ್ಲ. ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿ ಸೂಕ್ಷ್ಮಜೀವಿಗಳ ಲೋಳೆಪರೆ ಪದರ ಪದರವಾಗಿ ಬೆಳೆದು ಗಟ್ಟಿಯಾದ ಗುಮ್ಮಟಗಳಿವೆ. ಸ್ಟ್ರೊಮ್ಯಾಟೊಲೈಟ್ ಎಂಬ ಈ ರಚನೆಗಳು ಧಾರವಾಡ ಶಿಲೆಗಳ ಕಾಲದವು, ಅಂದರೆ 250 ಕೋಟಿ ವರ್ಷಗಳಿಗೂ ಹಿಂದಿನವು. ಬಾಗಲಕೋಟೆಯತ್ತಣ ಕಲಾದಗಿ ಮತ್ತು ಕಲಬುರಗಿಯತ್ತಣ ಭೀಮಾ ಕಣಿವೆಗಳ ಸುಣ್ಣಕಲ್ಲುಗಳು ಅವುಗಳಿಗಿಂತ ಎಷ್ಟೋ ಕಿರಿಯವಾದರೂ, ಮೂಳೆಯುಳ್ಳ ಪ್ರಾಣಿಗಳು ಹುಟ್ಟುವುದಕ್ಕೆ ಮುಂಚಿನವು. ಆಮೇಲೆ ಪುಟಗಳೇ ಹರಿದುಹೋದಂಥ ದೊಡ್ಡ ಖಾಲಿ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಉತ್ತರ ಕರ್ನಾಟಕದ ಮೇಲೆ ದಖನ್ನಿನ ಲಾವಾ ಹರಿದಾಗ, ಒಂದು ಲಾವಾ ಪದರಕ್ಕೂ ಇನ್ನೊಂದಕ್ಕೂ ನಡುವೆ ಉಳಿದ ಕೆರೆಗಳ ಕೆಸರಿನಲ್ಲಿ, ಗುರುಮಠಕಲ್ ಕಡೆ ಸಿಕ್ಕಿರುವಂತೆ, ಸಿಹಿನೀರಿನ ಕಿರುಜೀವಿಗಳ ಚಿಪ್ಪುಗಳು ಮತ್ತೆ ಕಾಣಿಸಿಕೊಳ್ಳುತ್ತವೆ. ಟ್ರಯಾಸಿಕ್ ಅವಧಿ ಪೂರ್ತಿಯಾಗಿ ಆ ಖಾಲಿಯೊಳಗೆ ಬಿದ್ದಿದೆ. ಹಾಗೆಂದು ಆ ಕಾಲದಲ್ಲಿ ಸಾಸಲಿನ ನೆಲದ ಮೇಲೆ ಏನೂ ಓಡಾಡಲಿಲ್ಲವೆಂದು ತಿಳಿಯುವುದು ತಪ್ಪು. ಪಳೆಯುಳಿಕೆ ಉಳಿಯಬೇಕಾದರೆ ಜೀವ ಇದ್ದರೆ ಸಾಲದು, ಸತ್ತ ಜೀವದ ಮೇಲೆ ಬೇಗನೆ ಮಣ್ಣು ಬೀಳಬೇಕು, ಆ ಮಣ್ಣು ಮುಂದೆ ಕೊಚ್ಚಿಹೋಗದಂತೆ ನೆಲ ಕುಸಿಯುತ್ತ ಹೋಗಬೇಕು. ಉಬ್ಬಿನಿಂತ ನೆಲ ಸವೆಯುತ್ತದೆ, ತಗ್ಗಿದ ನೆಲ ತುಂಬಿಕೊಳ್ಳುತ್ತದೆ. ಮೈಸೂರು ಪ್ರಸ್ಥಭೂಮಿ ಆ ಕಾಲದುದ್ದಕ್ಕೂ ಸವೆಯುವ ಕಡೆಯಲ್ಲಿತ್ತು. ಟ್ರಯಾಸಿಕ್ ಶಿಲಾಸ್ತರವೊಂದನ್ನು ಸಮೃದ್ಧ ಜೀವಲೋಕದ ಗುರುತೆಂದು ಕೊಂಡಾಡುವ ರೂಢಿ ಇದೆಯಷ್ಟೆ. ಅದಕ್ಕಿಂತ ಮುಂಚೆ ಅದು ನೆಲ ಕುಸಿದುದರ ಗುರುತು.

ಹಾಗೆ ಕುಸಿದ ನೆಲ ಕರ್ನಾಟಕದ ಶಿಲೆಗಳ ಈಶಾನ್ಯದ ಅಂಚಿನಲ್ಲೇ ಇದೆ. ಕೋಲಾರದಿಂದ ರಾಯಚೂರಿನವರೆಗೂ ಅದರಾಚೆ ತೆಲಂಗಾಣದವರೆಗೂ ಹಬ್ಬಿದ ಧಾರವಾಡ ಶಿಲಾಖಂಡ ಒಂದು ಮಗ್ಗುಲಿಗೆ, ಛತ್ತೀಸಗಢದ ಬಸ್ತರ್ ಶಿಲಾಖಂಡ ಇನ್ನೊಂದು ಮಗ್ಗುಲಿಗೆ ಇದ್ದು, ಇವೆರಡರ ನಡುವಿನ ಬೆಸುಗೆಯ ಜಾಗದಲ್ಲಿ ನೆಲ ಬಿರಿದು, ವಾಯವ್ಯದಿಂದ ಆಗ್ನೇಯಕ್ಕೆ ನೀಳವಾಗಿ ಕುಸಿದ ತೊಟ್ಟಿಯೇ ಪ್ರಾಣಹಿತಾ–ಗೋದಾವರಿ ಕಣಿವೆ. ವಾರ್ಧಾ ಮತ್ತು ವೈನ್‌ಗಂಗಾ ಕೂಡಿ ಪ್ರಾಣಹಿತೆಯಾಗಿ, ಅದು ಕಾಳೇಶ್ವರದ ಬಳಿ ಗೋದಾವರಿಯನ್ನು ಸೇರುವ ಸೀಮೆ ಇದು. ಇದರ ಮುಖ್ಯ ಭಾಗ ಹಳೆಯ ಆದಿಲಾಬಾದ್ ಜಿಲ್ಲೆಯಲ್ಲಿತ್ತು. 2016ರಲ್ಲಿ ಆ ಜಿಲ್ಲೆ ನಾಲ್ಕಾಗಿ ಒಡೆಯಿತು. 1956ರವರೆಗೆ ಆದಿಲಾಬಾದೂ ಕಲಬುರಗಿ, ರಾಯಚೂರು, ಬೀದರುಗಳೂ ಒಂದೇ ಹೈದರಾಬಾದ್ ರಾಜ್ಯದ ಜಿಲ್ಲೆಗಳಾಗಿದ್ದವು ಎಂಬುದನ್ನು ನೆನೆದರೆ, ಕನ್ನಡ ನಾಡಿಗೆ ಈ ಕಣಿವೆ ಆಡಳಿತದಲ್ಲೂ ತೀರ ದೂರದ್ದಾಗಿರಲಿಲ್ಲ.

ಕಣಿವೆಯನ್ನು ತುಂಬಿದ ಪದರಗಳಿಗೆ ಗೊಂಡ್ವಾನಾ ಶಿಲೆಗಳೆಂದು ಹೆಸರು. ಮಧ್ಯ ಭಾರತದ ಗೊಂಡರ ನಾಡಿನಿಂದ ಈ ಮಾತನ್ನು ಎತ್ತಿಕೊಂಡವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಎಚ್. ಬಿ. ಮೆಡ್ಲಿಕಾಟ್, 1876ರಲ್ಲಿ ಒಟ್ಟೊಕಾರ್ ಫೈಸ್ಟ್‌ಮಾಂಟೆಲ್ ಅದನ್ನು ಅಚ್ಚಿಗೆ ತಂದರು. ಆಮೇಲೆ ಆಸ್ಟ್ರಿಯಾದ ಎಡ್ವರ್ಡ್ ಸೂಯೆಸ್ ಅದೇ ಹೆಸರನ್ನು ದಕ್ಷಿಣದ ಭೂಖಂಡಗಳೆಲ್ಲ ಕೂಡಿದ್ದ ಮಹಾಖಂಡಕ್ಕೆ ಇಟ್ಟರು. ಗೊಂಡ್ವಾನಾ ಶಿಲೆಗಳ ಕೆಳಭಾಗ ಟ್ರಯಾಸಿಕ್‌ಗಿಂತ ಹಿಂದಿನ ಪರ್ಮಿಯನ್ ಅವಧಿಯದು. ಸಿಂಗರೇಣಿಯ ಕಲ್ಲಿದ್ದಲು ಇರುವುದು ಅಲ್ಲಿಯೇ; ರಾಯಚೂರು ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರ ಉರಿಸುವ ಕಲ್ಲಿದ್ದಲಿನಲ್ಲಿ ಅದರ ಪಾಲೂ ಇದೆಯಾದ್ದರಿಂದ, ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳಿಗೂ ಈ ಕಣಿವೆಯ ಹಳೆಯ ಕಾಡುಗಳಿಗೂ ಸಂಬಂಧವೇ ಇಲ್ಲವೆನ್ನಲಾಗದು. ಆ ಕಾಡುಗಳ ಮುಖ್ಯ ಮರ ನಾಲಿಗೆಯಾಕಾರದ ಎಲೆಯ ಗ್ಲಾಸೊಪ್ಟೆರಿಸ್. ಪರ್ಮಿಯನ್ ಕೊನೆಯಲ್ಲಿ, ಸೈಬೀರಿಯಾದಲ್ಲಿ ಲಾವಾ ಉಕ್ಕಿ ಗಾಳಿಯೂ ಕಡಲೂ ಕೆಟ್ಟುಹೋದ ಕಾಲಕ್ಕೆ, ಭೂಮಿಯ ಇತಿಹಾಸದ ಅತಿ ದೊಡ್ಡ ಜೀವನಾಶ ಸಂಭವಿಸಿತು. ಕಡಲಜೀವಿಗಳಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಪ್ರಭೇದಗಳು ಅಳಿದವು, ಗ್ಲಾಸೊಪ್ಟೆರಿಸ್ ಕಾಡುಗಳೂ ಹೋದವು. ಅಲ್ಲಿಂದ ಮುಂದೆ ಸುಮಾರು ಒಂದು ಕೋಟಿ ವರ್ಷಗಳ ಕಾಲ ಜಗತ್ತಿನಲ್ಲೆಲ್ಲೂ ಹೇಳಿಕೊಳ್ಳುವಂಥ ಕಲ್ಲಿದ್ದಲು ಕೂಡಲಿಲ್ಲ. ಕಪ್ಪು ಕಲ್ಲಿದ್ದಲು ನಿಂತು ಕೆಂಪು ಜೇಡಿ ಶುರುವಾಗುವ ಈ ಬದಲಾವಣೆ ಗೋದಾವರಿ ಕಣಿವೆಯ ಶಿಲೆಗಳಲ್ಲೂ ಎದ್ದು ಕಾಣುತ್ತದೆ.

ಕಣಿವೆಯ ಟ್ರಯಾಸಿಕ್ ಶಿಲಾಸ್ತರಗಳಲ್ಲಿ ಮೂಳೆಗಳಿಗೆ ಹೆಸರಾದವು ಮಧ್ಯ ಟ್ರಯಾಸಿಕ್‌ನ ಯರ್ರಪಲ್ಲಿ ಸ್ತರ ಮತ್ತು ಅಂತ್ಯ ಟ್ರಯಾಸಿಕ್‌ನ ಮಲೇರಿ ಸ್ತರ. ಎರಡರ ನಡುವೆ ಭೀಮಾರಂ ಮರಳುಗಲ್ಲು, ಮಲೇರಿಯ ಮೇಲೆ ಧರ್ಮಾರಂ ಸ್ತರ. ಯರ್ರಪಲ್ಲಿಯಲ್ಲಿ ಸಿಕ್ಕ ದೊಡ್ಡ ಸಸ್ಯಾಹಾರಿಗೆ, ಎಂದರೆ ಎರಡು ಕೋರೆ ಮತ್ತು ಆಮೆಯಂಥ ಕೊಕ್ಕುಳ್ಳ, ಸರೀಸೃಪಗಳಿಗಿಂತ ಸ್ತನಿಗಳ ಕವಲಿಗೆ ಹತ್ತಿರವಾದ ಪ್ರಾಣಿಗೆ, 1970ರಲ್ಲಿ ವಾಡಿಯಾಸಾರಸ್ ಎಂದು ಹೆಸರಿಟ್ಟವರು ತಪನ್ ರಾಯ್‌ಚೌಧುರಿ. ಆ ಹೆಸರಿಗೆ ಕಾರಣರಾದ ಭಾರತದ ಹಿರಿಯ ಭೂವಿಜ್ಞಾನಿ ಡಿ. ಎನ್. ವಾಡಿಯಾ ತೀರಿಕೊಂಡದ್ದು ಅದರ ಹಿಂದಿನ ವರ್ಷ. 1958ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸಂಘಕ್ಕೆ ಮೊದಲ ಅಧ್ಯಕ್ಷರಾಗಿದ್ದವರೂ ಅವರೇ.

ಮಲೇರಿ ಸ್ತರವೆಂದರೆ ಹೆಚ್ಚಿನ ಪಾಲು ಕೆಂಪು ಜೇಡಿ. ನಡುನಡುವೆ ತೆಳು ಮರಳುಗಲ್ಲು, ಮತ್ತು ಸುಣ್ಣದ ಸಣ್ಣ ಹರಳುಗಳು ಒತ್ತಾಗಿ ಅಂಟಿ ಆದ ಒರಟು ಕಲ್ಲು. ಸಾಸಲಿನ ಕೆಮ್ಮಣ್ಣಿಗೂ ಮಲೇರಿಯ ಕೆಂಜೇಡಿಗೂ ಬಣ್ಣ ಕೊಟ್ಟದ್ದು ತುಕ್ಕು ಹಿಡಿದ ಕಬ್ಬಿಣವೇ; ಆದರೆ ಸಾಸಲಿನದು ಕೆಳಗಿನ ಬಂಡೆ ಇದ್ದಲ್ಲಿಯೇ ಕೊಳೆತು ಆದ ಮಣ್ಣು, ಮಲೇರಿಯದು ಹೊಳೆಗಳು ಹೊತ್ತುತಂದು ಬಯಲಲ್ಲಿ ಹರಡಿದ ಮಡ್ಡಿ. ಸುಣ್ಣದ ಹರಳುಗಳ ಸಾಕ್ಷ್ಯ ಇನ್ನೂ ನೇರವಾದುದು. ಮಳೆಗಾಲದಲ್ಲಿ ನೆಲಕ್ಕಿಳಿದ ನೀರು ಬೇಸಿಗೆಯ ಕಾವಿಗೆ ಮೇಲೆದ್ದು ಆರಿಹೋಗುವಾಗ ಅದರಲ್ಲಿ ಕರಗಿದ್ದ ಸುಣ್ಣ ಗಂಟುಗಟ್ಟುತ್ತದೆ; ಬಯಲುಸೀಮೆಯ ಎರೆಹೊಲಗಳಲ್ಲಿ ಇಂದಿಗೂ ನೇಗಿಲಿಗೆ ತಾಗುವ ಬಿಳಿ ಗಂಟುಗಳು ಇಂಥವೇ. ಆದ್ದರಿಂದ ಮಲೇರಿಯ ಬಯಲು ವರ್ಷದಲ್ಲಿ ಕೆಲವು ತಿಂಗಳು ನೆನೆದು, ಉಳಿದ ತಿಂಗಳು ಒಣಗುತ್ತಿದ್ದ ಬಯಲು. ಲಂಡನ್ ಯೂನಿವರ್ಸಿಟಿ ಕಾಲೇಜಿನ ಪಮೇಲಾ ರಾಬಿನ್ಸನ್ ಭೂಖಂಡಗಳೆಲ್ಲ ಒಂದಾಗಿದ್ದ ಪಾಂಜಿಯಾ ಮಹಾಖಂಡದ ಮೇಲೆ ಮಾನ್ಸೂನ್ ಬೀಸುತ್ತಿತ್ತೆಂದು 1973ರಲ್ಲಿ ವಾದಿಸಿದರು. ಈ ಕಣಿವೆಯ ಕೆಂಪು ಜೇಡಿಯನ್ನು ಅವರು ಸ್ವತಃ ಸುತ್ತಿ ನೋಡಿದ್ದವರು.

ಈ ಸ್ತರದಲ್ಲಿ ಮೂಳೆ ಹೇರಳ, ಎಲೆ ವಿರಳ. ಕೆಳಗಿನ ಕಲ್ಲಿದ್ದಲಿನಲ್ಲಿ ಎಲೆ ಹೇರಳ, ಮೂಳೆ ವಿರಳ. ಜೌಗಿನ ನೀರು ಹುಳಿಯಾದ್ದರಿಂದ ಅಲ್ಲಿ ಮೂಳೆಯ ಸುಣ್ಣ ಕರಗಿಹೋಗುತ್ತದೆ, ಗಾಳಿ ಸೋಕದ ಕೆಸರಿನಲ್ಲಿ ಎಲೆ ಮಾತ್ರ ಕಪ್ಪಾಗಿ ಉಳಿಯುತ್ತದೆ. ಸುಣ್ಣ ತುಂಬಿದ, ಗಾಳಿಯಾಡುವ ಕೆಂಪು ಮಣ್ಣಿನಲ್ಲಿ ಎಲೆ ಕೊಳೆತು ಹೋಗುತ್ತದೆ, ಮೂಳೆ ನಿಲ್ಲುತ್ತದೆ. ಹೀಗೆ ಒಂದು ಕಾಲದ ಕಾಡು ಮಾತ್ರ, ಇನ್ನೊಂದು ಕಾಲದ ಪ್ರಾಣಿ ಮಾತ್ರ ಉಳಿದು, ಯಾವ ಪ್ರಾಣಿ ಯಾವ ಎಲೆಯನ್ನು ಮೇಯುತ್ತಿತ್ತು ಎಂಬ ಸರಳ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಾಗಿದೆ.

ಮಲೇರಿಯ ಪಳೆಯುಳಿಕೆಗಳನ್ನು ಹೊರಜಗತ್ತಿಗೆ ತಿಳಿಸಿದ ಮೊದಲಿಗರಲ್ಲಿ ನಾಗಪುರದ ಸ್ಕಾಟಿಷ್ ಮಿಷನರಿ ಸ್ಟೀಫನ್ ಹಿಸ್ಲಾಪ್ ಒಬ್ಬರು. ಗೊಂಡರ ಭಾಷೆ, ಕಥೆಗಳನ್ನೂ ಬರೆದಿಟ್ಟ ಅವರು 1863ರಲ್ಲಿ ಹಳ್ಳ ದಾಟುವಾಗ ನೀರುಪಾಲಾದರು. ಇಲ್ಲಿಯ ಕೆಲವು ವಿಚಿತ್ರ ಹಲ್ಲುಗಳನ್ನು ಭೂವೈಜ್ಞಾನಿಕ ಸರ್ವೇಕ್ಷಣೆಯ ಮುಖ್ಯಸ್ಥ ಥಾಮಸ್ ಓಲ್ಡ್‌ಹ್ಯಾಮ್ 1859ರಲ್ಲಿ ವಿವರಿಸಿದರು. ಕೋಳಿಯ ಜುಟ್ಟಿನಂತೆ ಏಣುಗಳುಳ್ಳ ಚಪ್ಪಟೆ ಫಲಕಗಳಾದ ಅವು ಸೆರಟೋಡಸ್ ಎಂಬ ಶ್ವಾಸಕೋಶವುಳ್ಳ ಮೀನಿನವು. ಅಂದಿಗೆ ಸೆರಟೋಡಸ್ ಕಲ್ಲಿನಲ್ಲಿ ಮಾತ್ರ ಉಂಟು, ನೀರಿನಲ್ಲಿಲ್ಲ ಎಂದು ಎಲ್ಲರ ತಿಳಿವಳಿಕೆ. ಹನ್ನೊಂದು ವರ್ಷಗಳ ಬಳಿಕ, 1870ರಲ್ಲಿ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಹೊಳೆಯಿಂದ ಅಂಥದೇ ಹಲ್ಲಿನ ಜೀವಂತ ಮೀನು ಬಂದಾಗ ಗೆರಾರ್ಡ್ ಕ್ರೆಫ್ಟ್ ಅದಕ್ಕೆ ಸೆರಟೋಡಸ್ ಎಂಬ ಆ ಹಳೆಯ ಹೆಸರನ್ನೇ ಕೊಟ್ಟರು. ಬೇಸಿಗೆಯಲ್ಲಿ ನೀರು ಕೆಟ್ಟು ಉಸಿರು ಕಟ್ಟುವಾಗ ಆ ಮೀನು ಮೂತಿಯನ್ನು ಮೇಲೆತ್ತಿ ಗಾಳಿ ಎಳೆದುಕೊಳ್ಳುತ್ತದೆ. ಶ್ವಾಸಕೋಶವಿಲ್ಲದೆ ಬೇರೊಂದು ಅಂಗದ ನೆರವಿನಿಂದ ಕೆರೆಯ ಕೊರವ ಮೀನೂ ಅದೇ ಕೆಲಸವನ್ನು ಮಾಡುತ್ತದೆಯಾದ್ದರಿಂದ, ಬತ್ತುತ್ತಿರುವ ಕೆರೆಯಲ್ಲಿ ಅದನ್ನು ಹಿಡಿದವರಿಗೆ ಮಲೇರಿಯ ಮೀನಿನ ಪಾಡನ್ನು ಬೇರೆ ವಿವರಿಸಬೇಕಿಲ್ಲ. ಮಲೇರಿಯಲ್ಲಿ ತಿರುಚಿದ ಸುರುಳಿಯಾಕಾರದ ಕಲ್ಲುಗಳೂ ಹೇರಳವಾಗಿ ಸಿಗುತ್ತವೆ. ಅವು ಕಲ್ಲಾದ ಹಿಕ್ಕೆಗಳು. ಕರುಳಿನೊಳಗೆ ಸುರುಳಿ ಮಡಿಕೆಯಿರುವ ಶ್ವಾಸಕೋಶದ ಮೀನು, ಶಾರ್ಕ್ ಮುಂತಾದವುಗಳ ಹಿಕ್ಕೆ ಹಾಗೆ ತಿರುಚಿರುತ್ತದೆ.

ಸ್ತರದ ಕೆಳಭಾಗದಲ್ಲಿ ಅತಿ ಹೆಚ್ಚು ಸಿಗುವ ಪ್ರಾಣಿ ಹೈಪರೊಡಾಪೆಡಾನ್. ಕೊಕ್ಕಿನ ಮೂತಿ, ಹಿಂದೆ ಅಗಲವಾದ ತಲೆ, ಗಿಡ್ಡ ಕಾಲುಗಳ ಈ ಸಸ್ಯಾಹಾರಿ ಸರೀಸೃಪದ ಮೇಲ್ದವಡೆಯಲ್ಲಿ ಸಣ್ಣ ಹಲ್ಲುಗಳು ಸಾಲುಸಾಲಾಗಿ ಕೂತ ಫಲಕವಿದ್ದು, ಅದರ ನಡುವೆ ಉದ್ದಕ್ಕೂ ಒಂದು ಕಾಲುವೆ ಇರುತ್ತದೆ. ಕೆಳದವಡೆಯ ಚೂಪಾದ ಏಣು ಬಾಯಿ ಮುಚ್ಚಿದಾಗ ನೇರವಾಗಿ ಆ ಕಾಲುವೆಯೊಳಗೆ ಇಳಿಯುತ್ತದೆ. ಹೋಲಿಕೆ ಬೇಕಾದರೆ ಅಡಕತ್ತರಿಯನ್ನು ನೆನೆಯಬಹುದು. ಗಟ್ಟಿ ಬೇರು, ನಾರುಳ್ಳ ಕಾಂಡಗಳನ್ನು ಕತ್ತರಿಸುವುದಕ್ಕೆ ಇಂಥ ಬಾಯಿ ತಕ್ಕದ್ದು. ಇಂಗ್ಲೆಂಡಿನ ಥಾಮಸ್ ಹಕ್ಸ್‌ಲಿ ಸ್ಕಾಟ್ಲೆಂಡಿನ ಎಲ್ಗಿನ್‌ನ ಮರಳುಗಲ್ಲಿನಲ್ಲಿ ಸಿಕ್ಕ ಪ್ರಾಣಿಗೆ 1859ರಲ್ಲಿ ಈ ಹೆಸರಿಟ್ಟಿದ್ದರು. ಆ ಮರಳುಗಲ್ಲು ತೀರ ಹಳೆಯದೋ, ಟ್ರಯಾಸಿಕ್ ಕಾಲದ್ದೋ ಎಂಬ ಜಗಳ ಎದ್ದಿದ್ದಾಗ ಅದನ್ನು ಬಗೆಹರಿಸಲು ನೆರವಾದ ಪ್ರಾಣಿಗಳಲ್ಲಿ ಇದೂ ಒಂದು. 1869ರಲ್ಲಿ ಹಕ್ಸ್‌ಲಿ ಮಲೇರಿಯ ದವಡೆಗಳನ್ನೂ ಇದೇ ಕುಲಕ್ಕೆ ಸೇರಿಸಿದರು. ಮುಂದೆ ಬ್ರೆಜಿಲ್, ಅರ್ಜೆಂಟೀನಾ, ತಾಂಜಾನಿಯಾಗಳಲ್ಲೂ ಇದರ ಮೂಳೆ ಸಿಕ್ಕಿತು. ಈಜಲು ಅಳವಲ್ಲದ ಮೈಕಟ್ಟಿನ ಒಂದು ಪ್ರಾಣಿ ಇಷ್ಟು ಕಡೆ ಹರಡಬೇಕಾದರೆ ಕಾಲ್ನಡಿಗೆಗೆ ನೆಲ ಇದ್ದಿರಲೇಬೇಕು. ಮಲೇರಿಯಲ್ಲಿ ವಯಸ್ಸು ಅಳೆಯಲು ಒದಗುವ ಜ್ವಾಲಾಮುಖಿ ಬೂದಿಯ ಪದರಗಳಿಲ್ಲದ ಕಾರಣ, ಬೂದಿಯಿಂದ ಸುಮಾರು 23 ಕೋಟಿ ವರ್ಷವೆಂದು ಲೆಕ್ಕ ಸಿಕ್ಕಿರುವ ಅರ್ಜೆಂಟೀನಾದ ಇಶಿಗ್ವಲಾಸ್ತೋ ಸ್ತರದ ಪ್ರಾಣಿಗಳೊಡನೆ ತಾಳೆ ನೋಡಿಯೇ ಅದರ ಕೆಳಭಾಗದ ವಯಸ್ಸನ್ನು ಹೇಳಲಾಗುತ್ತದೆ.

ಸ್ವಾತಂತ್ರ್ಯದ ನಂತರ ಈ ಕಣಿವೆಯ ಮೂಳೆಗಳನ್ನು ಕ್ರಮವಾಗಿ ಅಗೆದದ್ದು ಕೊಲ್ಕತ್ತದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್. ಸಂಖ್ಯಾಶಾಸ್ತ್ರದ ಸಂಸ್ಥೆಗೆ ಮೂಳೆಗಳ ಉಸಾಬರಿ ಏಕೆಂದು ಕೇಳಬಹುದು. ಅಳತೆಗೆ ಒಗ್ಗುವ ಯಾವ ವಿಜ್ಞಾನವೂ ಸಂಖ್ಯಾಶಾಸ್ತ್ರಕ್ಕೆ ಹೊರಗಲ್ಲವೆಂದು ನಂಬಿದ್ದ ಪಿ. ಸಿ. ಮಹಲನೋಬಿಸ್ 1957ರಲ್ಲಿ ಅಲ್ಲಿ ಭೂವಿಜ್ಞಾನದ ಘಟಕವನ್ನು ತೆರೆದು, ಅದನ್ನು ಕಟ್ಟಲು ರಾಬಿನ್ಸನ್ ಅವರನ್ನು ಕರೆಸಿದರು. ಸೊಹನ್‌ಲಾಲ್ ಜೈನ್, ಟಿ. ಎಸ್. ಕುಟ್ಟಿ, ರಾಯ್‌ಚೌಧುರಿ, ಶಂಕರ್ ಚಟರ್ಜಿ ಮುಂತಾದವರು ಅಲ್ಲಿ ದುಡಿದವರು. ಮಲೇರಿಯ ಒಂದು ಪ್ರಾಣಿಗೆ, ಎಂದರೆ ಸ್ತನಿಗಳ ಪೂರ್ವಿಕರಿಗೆ ಹತ್ತಿರವಾದ ಎಕ್ಸೆರೆಟೊಡಾನ್‌ನ ಒಂದು ಪ್ರಭೇದಕ್ಕೆ, ಸಂಸ್ಥೆಯ ನೆನಪಿಗಾಗಿ ಚಟರ್ಜಿ ಇಟ್ಟ ಹೆಸರು ‘ಸ್ಟಾಟಿಸ್ಟಿಸೀ’. ಸಂಖ್ಯಾಶಾಸ್ತ್ರದ ಹೆಸರು ಹೊತ್ತ ಪಳೆಯುಳಿಕೆ ಬೇರೆಲ್ಲಾದರೂ ಇದ್ದೀತೆಂದು ಊಹಿಸುವುದು ಕಷ್ಟ.

ಆ ಸಂಸ್ಥೆಯವರ ಶೋಧಗಳಲ್ಲಿ ಒಂದು ವಿಶೇಷ ಗಮನಕ್ಕೆ ತಕ್ಕದ್ದು. ಪ್ಯಾರಾಸೂಕಸ್ ಎಂಬುದು ನೋಟಕ್ಕೆ ನೀಳ ಮೂತಿಯ ಮೊಸಳೆಯಂತಿದ್ದು, ಮೊಸಳೆಯ ಮೂಗು ಮೂತಿಯ ತುದಿಯಲ್ಲಿದ್ದರೆ ಇದರ ಮೂಗು ಕಣ್ಣಿನ ಹತ್ತಿರ ತಲೆಯ ಮೇಲೆ ಇರುವ, ಬೇರೊಂದು ಕವಲಿನ ಬೇಟೆಗಾರ ಪ್ರಾಣಿ. ಇದರ ಒಂದು ಪ್ರಭೇದಕ್ಕೆ ಹಿಸ್ಲಾಪ್ ಅವರ ಹೆಸರೇ ಇದೆ. ಇದರ ಎರಡು ಅಸ್ಥಿಪಂಜರಗಳು ಜೋಡಿಯಾಗಿ, ಮೂಳೆಗಳು ಕೀಲು ತಪ್ಪದೆ ಮಲೇರಿಯ ಜೇಡಿಯಲ್ಲಿ ಸಿಕ್ಕವು. ಅವುಗಳ ಪಕ್ಕೆಲುಬಿನ ಗೂಡಿನೊಳಗೆ, ಹೊಟ್ಟೆ ಇದ್ದಿರಬೇಕಾದ ಜಾಗದಲ್ಲಿ, ಉದ್ದ ಕತ್ತಿನ ಚಿಕ್ಕ ಸರೀಸೃಪವೊಂದರ ಮೂಳೆಗಳಿದ್ದವು. ಹಾಗೆ ನುಂಗಿಸಿಕೊಂಡ ಪ್ರಾಣಿಯನ್ನು ಚಟರ್ಜಿ 1980ರಲ್ಲಿ ಮಲೇರಿಸಾರಸ್ ರಾಬಿನ್ಸನೇ ಎಂದು ಹೆಸರಿಸಿದರು. ಒಂದು ಪ್ರಾಣಿಯ ಕೊನೆಯ ಊಟ ಇನ್ನೊಂದು ಪ್ರಾಣಿಯ ಅಸ್ತಿತ್ವಕ್ಕೆ ದಾಖಲೆಯಾದುದು ಹೀಗೆ.

ಜನರಿಗೆ ಆಸಕ್ತಿ ಇರುವುದು ಡೈನೊಸಾರುಗಳಲ್ಲಿ. ಮಲೇರಿಯಲ್ಲಿ ಅವು ಇನ್ನೂ ಮನೆಯ ಯಜಮಾನರಾಗಿರಲಿಲ್ಲ, ಮೂಲೆ ಹಿಡಿದಿದ್ದ ಸಣ್ಣ ಪ್ರಾಣಿಗಳಾಗಿದ್ದವು. 1987ರಲ್ಲಿ ಇಲ್ಲಿಂದ ವರದಿಯಾಗಿ, ಈಗ ಆಲ್‌ವಾಕೇರಿಯಾ ಎಂಬ ಹೆಸರಿರುವ ಪ್ರಾಣಿಯ ಮೂಳೆಗಳಲ್ಲಿ ಕೆಲವು ಮಾತ್ರ ಡೈನೊಸಾರಿನವು, ಉಳಿದವು ಬೇರೆ ಪ್ರಾಣಿಗಳವು ಎಂದು ಆಮೇಲಿನ ಪರೀಕ್ಷೆ ತೋರಿಸಿತು. ಒಂದೇ ಗುಂಡಿಯಲ್ಲಿ ಸಿಕ್ಕದ್ದೆಲ್ಲ ಒಂದೇ ಮೈಯದ್ದಾಗಿರಬೇಕಿಲ್ಲ. ಅಚ್ಚಾದ ಹೆಸರನ್ನು ಹೀಗೆ ಮತ್ತೆ ಒರೆಗೆ ಹಚ್ಚುವುದು ಈ ವಿದ್ಯೆಯ ದೌರ್ಬಲ್ಯವಲ್ಲ, ಅದರ ನಡವಳಿಕೆ. ಸ್ತರದ ಮೇಲ್ಭಾಗ ಸುಮಾರು 22 ಕೋಟಿ ವರ್ಷಗಳದು. ಅಲ್ಲಿಗೆ ಬರುವ ಹೊತ್ತಿಗೆ ಹೈಪರೊಡಾಪೆಡಾನ್ ಅಳಿದುಹೋಗಿದೆ, ಉದ್ದ ಕತ್ತಿನ ಸಸ್ಯಾಹಾರಿ ಡೈನೊಸಾರುಗಳು ಕಾಣಿಸಿಕೊಂಡಿವೆ. ಅದೇ ಮೇಲ್ಭಾಗದ ಮಾಂಸಾಹಾರಿಯೊಂದಕ್ಕೆ 2025ರಲ್ಲಿ ಮಲೇರಿರ‍್ಯಾಪ್ಟರ್ ಕುಟ್ಟಿಯೈ ಎಂದು ಹೆಸರಿಡಲಾಯಿತು. ದಕ್ಷಿಣ ಅಮೆರಿಕದಲ್ಲಿ ಹೆಸರಾದ ಹೆರೆರಾಸಾರ್ ಎಂಬ ಆದಿ ಬೇಟೆಗಾರರ ಬಳಗಕ್ಕೆ ಸೇರಿದ ಇದು, ಹೈಪರೊಡಾಪೆಡಾನ್‌ಗಳು ಅಳಿದ ಮೇಲೂ ಆ ಬಳಗ ಗೊಂಡ್ವಾನಾದಲ್ಲಿ ಉಳಿದಿತ್ತೆಂಬುದಕ್ಕೆ ಸಾಕ್ಷಿ. ಹೆಸರಿನಲ್ಲಿರುವ ಕುಟ್ಟಿ ಈ ಜೇಡಿಯಲ್ಲಿ ಮೂಳೆ ಹುಡುಕುತ್ತ ಆಯಸ್ಸು ಸವೆಸಿದ ಟಿ. ಎಸ್. ಕುಟ್ಟಿ.

ಇಂಥ ನೆಲ ಕಾವಲಿಲ್ಲದ ನೆಲ. ಪ್ರತಿ ಮಳೆಗೂ ಜೇಡಿ ಕರಗಿ ಹೊಸ ಮೂಳೆ ಹೊರಬೀಳುತ್ತದೆ. ಯಾರೂ ನೋಡದಿದ್ದರೆ ಮುಂದಿನ ಮಳೆಗಳಿಗೆ ಅದು ಚೂರಾಗಿ ಹಳ್ಳ ಸೇರುತ್ತದೆ. ಪಳೆಯುಳಿಕೆಯ ಬೆಲೆಯಲ್ಲಿ ಅರ್ಧ ಅದು ಯಾವ ಪದರದಲ್ಲಿತ್ತು ಎಂಬ ತಿಳಿವಳಿಕೆಯಲ್ಲಿದೆಯಾದ್ದರಿಂದ, ಕಿತ್ತು ಜೇಬಿಗೆ ಹಾಕಿಕೊಂಡ ಮೂಳೆ ಬರಿಯ ಕಲ್ಲು. ಭೂಪರಂಪರೆಯ ತಾಣಗಳನ್ನು ಕಾಪಾಡುವ ಮಸೂದೆಯ ಕರಡೊಂದನ್ನು ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಕಾನೂನು ಬೇಕು ನಿಜ. ಆದರೆ ಕಣ್ಣು ಪಳಗಿದ ಊರಿನವರಿಲ್ಲದೆ ಯಾವ ಕಾನೂನೂ ಹೊಲದ ಬದುವಿನವರೆಗೆ ಬರಲಾರದು.

ಸಾಸಲು, ದೊಡ್ಡಬಳ್ಳಾಪುರಗಳ ಶಾಲೆಗಳು ಮಕ್ಕಳನ್ನು ಹೈದರಾಬಾದಿಗೆ ಪ್ರವಾಸ ಕರೆದೊಯ್ಯುವಾಗ ಚಾರ್‌ಮಿನಾರ್, ಗೋಲ್ಕೊಂಡಗಳ ಜೊತೆಗೆ ನೌಬತ್ ಪಹಾಡಿನ ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಒಂದು ಗಂಟೆ ಮೀಸಲಿಡಲಿ. ಹೊರಡುವ ಮುನ್ನ ಯಾವುದಾದರೂ ದ್ರಾಕ್ಷಿ ಚಪ್ಪರದ ಕಲ್ಲುಕಂಬವನ್ನು ಮಕ್ಕಳಿಗೆ ಮುಟ್ಟಿಸಿ, ಅದರ ವಯಸ್ಸು ಹೇಳಲಿ. ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿರುವ ದೊಡ್ಡ ಅಸ್ಥಿಪಂಜರ ಕೋಟಾಸಾರಸ್ ಎಂಬ ಡೈನೊಸಾರಿನದು. ಇದೇ ಕಣಿವೆಯ ಯಾಮನಪಲ್ಲಿಯಲ್ಲಿ, ಮಲೇರಿ ಮತ್ತು ಧರ್ಮಾರಂ ಸ್ತರಗಳ ಮೇಲೆ ಕೂತಿರುವ ಕೋಟಾ ಸ್ತರದಲ್ಲಿ ಸಿಕ್ಕ ಆ ಮೂಳೆಗಳು ಟ್ರಯಾಸಿಕ್ ಮುಗಿದ ನಂತರದ ಜುರಾಸಿಕ್ ಅವಧಿಯವು.